ಓಡೈಪಟ್ಟಿಗೆ ಬಂದ ಕಾಗದ

ತಾಳವಾಡಿಯಿಂದ ಹೊರಟ ಸಾಮಾನಿನ ಲಾರಿ ದಿಂಬಂ ಘಟ್ಟದ 27 ತಿರುವುಗಳನ್ನು ಒಂದೊಂದಾಗಿ ಇಳಿದು ಸತ್ಯಮಂಗಲವನ್ನು ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಮರುದಿನ ಬೆಳಗ್ಗೆ ಅದು ದಿಂಡಿಗಲ್, ತೇನಿ, ಚಿನ್ನಮನೂರುಗಳನ್ನು ದಾಟಿ ಓಡೈಪಟ್ಟಿಯ ಹೊರಬೀದಿಯ ಒಂದು ಹೊಸ ಮನೆಯ ಮುಂದೆ ನಿಂತಿತು. ಮನೆಯ ಗೋಡೆಗೆ ಇನ್ನೂ ಸುಣ್ಣ ಬಳಿದಿರಲಿಲ್ಲ. ಹಿಂದಿನ ಬಾಗಿಲು ತೆರೆದರೆ ಕಲ್ಲುಕಂಬಗಳ ಮೇಲೆ ತಂತಿ ಹೆಣೆದು ಹಬ್ಬಿಸಿದ ದ್ರಾಕ್ಷಿಯ ಚಪ್ಪರ. ಲಾರಿಯಿಂದ ಇಳಿದ ಒಂಬತ್ತು ವರ್ಷದ ಹುಡುಗಿ ಮೊದಲು ಕೇಳಿದ ಪ್ರಶ್ನೆ ಒಂದೇ: “ಅಮ್ಮಾ, ಇಲ್ಲಿ ಕನ್ನಡ ಸ್ಕೂಲು ಎಲ್ಲಿದೆ?”

ತಾಯಿ ಉತ್ತರ ಕೊಡಲಿಲ್ಲ. ಇಲ್ಲಿ ಕನ್ನಡ ಶಾಲೆಯಿಲ್ಲ ಎಂಬುದು ಹೊರಡುವ ಮೊದಲೇ ಆಕೆಗೆ ತಿಳಿದಿತ್ತು.

ಗಂಡ ಹಲವು ವರ್ಷಗಳಿಂದ ತಾಳವಾಡಿಯ ಎಲೆಕೋಸನ್ನೂ ಆಲೂಗಡ್ಡೆಯನ್ನೂ ದಿಂಡಿಗಲ್ ಜಿಲ್ಲೆಯ ಒಟ್ಟನ್‌ಛತ್ರದ ದೊಡ್ಡ ತರಕಾರಿ ಮಾರುಕಟ್ಟೆಗೆ ಸಾಗಿಸುತ್ತಿದ್ದವನು. ಅಲ್ಲಿ ಪರಿಚಯವಾದ ಹಣ್ಣಿನ ವ್ಯಾಪಾರಿಯೊಬ್ಬರು ಓಡೈಪಟ್ಟಿಯಲ್ಲಿ ಕೆಲಸ ಕೊಡಿಸಿದರು. ತೋಟಗಳನ್ನು ಸುತ್ತಿ ಹಣ್ಣು ನೋಡುವುದು, ಬೆಲೆ ಮಾತಾಡುವುದು, ಪೆಟ್ಟಿಗೆ ಎಣಿಸಿ ಲಾರಿಗೆ ಹೇರಿಸುವುದು ಆತನ ಪಾಲಿನ ಕೆಲಸ. ತಾಳವಾಡಿಯಲ್ಲಿ ಎರಡು ಬೆಳೆ ಸಾಲವಾಗಿ ಉಳಿದಿದ್ದವು. ಇಲ್ಲಿ ತಿಂಗಳ ಸಂಬಳವಿತ್ತು. ಆದ್ದರಿಂದ ಹೆಚ್ಚು ಚರ್ಚೆಯಿಲ್ಲದೆ ಸಂಸಾರ ಹೊರಟುಬಂದಿತ್ತು.

ಕಂಬಂ ಕಣಿವೆ ಎಂದರೆ ಹೊರಗಿನವರ ಕಣ್ಣಿಗೆ ಹಸಿರು ಗದ್ದೆಗಳ ಸಾಲು. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದು, ಪಶ್ಚಿಮಕ್ಕೆ ಹರಿಯುತ್ತಿದ್ದ ನೀರು ಬೆಟ್ಟ ಕೊರೆದ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿದ ಮೇಲೆ ಆ ಕಣಿವೆಯ ಬಾಳೇ ಬದಲಾಯಿತು. ಅದನ್ನು ಕಟ್ಟಿಸಿದ ಎಂಜಿನಿಯರ್ ಪೆನ್ನಿಕ್ವಿಕ್ ಅವರ ಹುಟ್ಟುಹಬ್ಬವನ್ನು ಅಲ್ಲಿನ ರೈತರು ಜನವರಿ 15ರಂದು ಇಂದಿಗೂ ಪೊಂಗಲ್ ಬೇಯಿಸಿ ಆಚರಿಸುತ್ತಾರೆ. ಆದರೆ ಓಡೈಪಟ್ಟಿಯ ಭೂಮಿ ಬಾವಿಯನ್ನೂ ಕೊಳವೆಬಾವಿಯನ್ನೂ ನಂಬಿದ್ದು. ಕಂಬಂ ಸುತ್ತಿನ ಕಪ್ಪು ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಓಡೈಪಟ್ಟಿಯ ಹೆಸರು ನಿಂತಿರುವುದು ಬೀಜವಿಲ್ಲದ ಹಸಿರು ದ್ರಾಕ್ಷಿಯ ಮೇಲೆ. ಆ ಹಣ್ಣು ಊರನ್ನು ಬೆಳೆಸುತ್ತಿದೆ. ಹನಿ ನೀರಾವರಿಯ ಪೈಪಿನ ಅಂಗಡಿ, ಔಷಧಿ ಅಂಗಡಿ, ಪೆಟ್ಟಿಗೆ ಮಾಡುವ ಶೆಡ್ಡು, ಹೊರಗಿನಿಂದ ಬಂದ ಕೂಲಿಯವರಿಗೆ ಕಟ್ಟಿದ ಸಾಲುಮನೆಗಳು ಎಲ್ಲವೂ ಒಂದರ ಪಕ್ಕ ಒಂದು ಏಳುತ್ತಿವೆ. ನಿನ್ನೆ ತೋಟವಾಗಿದ್ದದ್ದು ಇಂದು ನಿವೇಶನ.

ಅಂಥ ಊರಿಗೆ ಹೊಂದಿಕೊಳ್ಳುವುದು ಮೊದಲ ತಿಂಗಳಲ್ಲಿ ಆಕೆಗೆ ಬರೀ ನೀರಿನ ಲೆಕ್ಕವಾಗಿ ತೋರಿತು. ನಲ್ಲಿಯಲ್ಲಿ ನೀರು ಬರುವ ಹೊತ್ತು ತಪ್ಪಿದರೆ ಆ ದಿನದ ಅಡುಗೆಯೇ ತಪ್ಪುತ್ತಿತ್ತು. ತಾಳವಾಡಿಯ ತಂಪಿಗೆ ಒಗ್ಗಿದ ಮೈ ಮಧ್ಯಾಹ್ನದ ಬಿಸಿಲಿಗೆ ಬಳಲುತ್ತಿತ್ತು. ಚಪ್ಪರಗಳಿಗೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಸಿಂಪಡಿಸಿದ ದಿನ ಕಿಟಕಿ ಮುಚ್ಚಿ ಕೂರಬೇಕಾಗುತ್ತಿತ್ತು. ಜೂನ್ ಕಳೆಯುತ್ತಲೇ ಗಾಳಿ ಬಂತು. ಪಶ್ಚಿಮದ ಬೆಟ್ಟಗಳಲ್ಲಿ ಮಳೆ ಸುರಿಸಿದ ಮಾರುತ ಕಣಿವೆಯ ಬಾಯಿಂದ ಒಣಗಿ ಹೊರಬಿದ್ದು, ಬಯಲಿನ ಗಾಳಿಯಂತ್ರಗಳನ್ನು ಹಗಲಿರುಳೂ ತಿರುಗಿಸಿ, ಊರಿನ ಧೂಳನ್ನೆಲ್ಲ ಎತ್ತಿ ಮನೆಯೊಳಗೆ ಸುರಿಯುತ್ತಿತ್ತು. ರಾತ್ರಿ ತಗಡಿನ ಮಾಡು ಬಡಿದುಕೊಳ್ಳುವ ಸದ್ದಿಗೆ ಮಗಳು ಎದ್ದು ಕೂರುತ್ತಿದ್ದಳು. ಇದು ಆಡಿ ತಿಂಗಳ ಗಾಳಿ, ಆವಣಿ ಬಂದರೆ ಅಡಗುತ್ತದೆ ಎಂದು ಅಂಗಡಿಯವರು ಹೇಳಿದರು. ಆಡಿ ಎಂದರೆ ನಮ್ಮ ಆಷಾಢ ಎಂದು ತಾಯಿ ಮಗಳಿಗೆ ಹೇಳಿದಳು.

ಆದರೆ ಗಾಳಿಗಿಂತ ಕಠಿಣವಾದದ್ದು ಶಾಲೆ. ಹುಡುಗಿಗೆ ತಮಿಳು ಬಾರದೆಂದಲ್ಲ. ತಮಿಳುನಾಡಿನಲ್ಲಿ 2006ರ ಕಾಯಿದೆಯ ಬಳಿಕ ಅಲ್ಪಸಂಖ್ಯಾತ ಭಾಷೆಗಳ ಶಾಲೆಗಳಲ್ಲಿಯೂ ತಮಿಳು ಕಡ್ಡಾಯ ಪಾಠವಾಗಿದೆ. ತಾಳವಾಡಿಯ ಕನ್ನಡ ಶಾಲೆಯಲ್ಲಿ ಆಕೆ ಒಂದನೆಯ ತರಗತಿಯಿಂದಲೇ ಅದನ್ನು ಓದಿದ್ದಳು. ಆದರೆ ಒಂದು ಭಾಷೆಯನ್ನು ಓದುವುದು ಬೇರೆ, ಆ ಭಾಷೆಯಲ್ಲಿ ಲೋಕವನ್ನೆಲ್ಲ ಓದುವುದು ಬೇರೆ. ಗುಣಾಕಾರ ಪೆರುಕ್ಕಲ್ ಆಯಿತು, ಭಾಗಾಕಾರ ವಗುತ್ತಲ್ ಆಯಿತು, ಭಿನ್ನರಾಶಿ ಪಿನ್ನಂ ಆಯಿತು. ಲೆಕ್ಕದಲ್ಲಿ ಮುಂದಿದ್ದ ಹುಡುಗಿ ಮೊದಲ ಪರೀಕ್ಷೆಯಲ್ಲಿ ಪ್ರಶ್ನೆಯೇ ಅರ್ಥವಾಗದೆ ಎರಡು ಹಾಳೆ ಖಾಲಿ ಬಿಟ್ಟು ಬಂದಳು. ತರಗತಿಯ ಟೀಚರು ಬೈಯಲಿಲ್ಲ. ಹುಡುಗಿಯನ್ನು ಕರೆದು ಕನ್ನಡದ ಹೆಸರುಗಳ ಎದುರು ತಮಿಳಿನ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲು ಹೇಳಿದರು. ಪುಸ್ತಕದ ಎಡಬದಿ ಕನ್ನಡ, ಬಲಬದಿ ತಮಿಳು. ಕೆಲವೇ ವಾರಗಳಲ್ಲಿ ಬಲಬದಿ ತುಂಬಿತು. ಎಡಬದಿಯಲ್ಲಿ ಹುಡುಗಿ ಬರೆಯುವುದನ್ನೇ ನಿಲ್ಲಿಸಿದಳು. ಅಗತ್ಯ ಕಾಣಲಿಲ್ಲ.

ತಾಳವಾಡಿಯಲ್ಲಿ ಹುಡುಗಿಯ ತಾತ ಇದ್ದರು. ಪ್ರೌಢಶಾಲೆಯ ಕನ್ನಡ ಪಂಡಿತರಾಗಿ ನಿವೃತ್ತರಾದವರು. ಸೊಸೆಯೂ ಒಂದು ಕಾಲಕ್ಕೆ ಅವರ ತರಗತಿಯಲ್ಲಿ ಕುಳಿತು ಹಳಗನ್ನಡದ ಪದ್ಯಗಳ ಅರ್ಥ ಬರೆದುಕೊಂಡವಳೇ. ಅವರಿಗೆ ಕಿವಿ ಸಂಪೂರ್ಣ ಮಂದವಾಗಿತ್ತು. ಮೊಬೈಲಿನಲ್ಲಿ ಎಷ್ಟು ಕೂಗಿದರೂ “ಆಂ? ಆಂ?” ಎಂಬುದಕ್ಕಿಂತ ಹೆಚ್ಚೇನೂ ಬರುತ್ತಿರಲಿಲ್ಲ. ಆದ್ದರಿಂದ ಮೊಮ್ಮಗಳು ತಿಂಗಳಿಗೊಂದು ಕಾಗದ ಬರೆಯಬೇಕೆಂದು ಹೊರಡುವ ದಿನವೇ ಒಪ್ಪಂದವಾಗಿತ್ತು. ಟಪಾಲಿನವರಿಗೆ ತಿಳಿಯಲೆಂದು ವಿಳಾಸ ತಮಿಳಿನಲ್ಲಿ, ಒಳಗಿನ ಕಾಗದ ಕನ್ನಡದಲ್ಲಿ.

ಜುಲೈ ತಿಂಗಳ ಕಾಗದದಲ್ಲಿ ಹುಡುಗಿ ಗಾಳಿಯ ಸಂಗತಿ ಬರೆದಳು. ತಮಿಳಿನಲ್ಲಿ ಪ, ಫ, ಬ, ಭ ಎಂಬ ನಾಲ್ಕಕ್ಕೂ ಒಂದೇ ಅಕ್ಷರ. ಕೈಗೆ ಆ ರೂಢಿ ಬಂದುಬಿಟ್ಟಿತ್ತು. ಕಾಗದದ ತುಂಬ ಮಹಾಪ್ರಾಣಗಳು ಉದುರಿಹೋಗಿದ್ದವು. ‘ದೂಳು ಬರುತ್ತದೆ’ ಎಂದು ಬರೆದಿದ್ದಳು. ‘ರಾತ್ರಿ ಬಯವಾಗುತ್ತದೆ’ ಎಂದು ಬರೆದಿದ್ದಳು. ಹತ್ತು ದಿನಗಳ ಮೇಲೆ ತಾತನಿಂದ ಲಕೋಟೆ ಬಂತು. ಅದರೊಳಗೆ ಐದನೆಯ ತರಗತಿಯ ಕನ್ನಡ ಪಾಠಗಳ ಕೆಲವು ಹಾಳೆಗಳೂ, ಹುಡುಗಿಯ ಅದೇ ಕಾಗದವೂ ಇದ್ದವು. ಕಾಗದದಲ್ಲಿ ಕೆಂಪು ಶಾಯಿಯ ಹನ್ನೊಂದು ಗುರುತುಗಳು. ದೂಳು ಧೂಳಾಗಿತ್ತು, ಬಯ ಭಯವಾಗಿತ್ತು. ಕೆಳಗೆ ಒಂದೇ ಸಾಲು: ‘ಕನ್ನಡವನ್ನು ಕೈಬಿಡಬೇಡ.’

ಹುಡುಗಿ ಅಳಲಿಲ್ಲ. ಕಾಗದವನ್ನು ಮಡಚಿ ಟ್ರಂಕಿನ ತಳದಲ್ಲಿ ಇಟ್ಟಳು. ಆಗಸ್ಟಿನಲ್ಲಿ ಬರೆಯಲಿಲ್ಲ, ಸೆಪ್ಟೆಂಬರಿನಲ್ಲಿಯೂ ಬರೆಯಲಿಲ್ಲ. ತಾಯಿ ಒತ್ತಾಯಿಸಿದಾಗ ತಮಿಳಿನಲ್ಲಿಯೇ ಉತ್ತರ ಕೊಟ್ಟಳು. ಮನೆಯೊಳಗೆ ಆಕೆ ತಮಿಳಿನಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು.

ಆ ರಾತ್ರಿ ಗಂಡ ಹೆಂಡಿರ ನಡುವೆ ಮಾತಾಯಿತು. ಮಗು ಈಗ ತಾನೇ ತರಗತಿಯಲ್ಲಿ ಚೇತರಿಸಿಕೊಳ್ಳುತ್ತಿದೆ. ಅನ್ನ ಕೊಡುವ ಮಾತು ಯಾವುದೋ ಅದನ್ನು ಮೊದಲು ಕಲಿಯಲಿ. ಕನ್ನಡ ಮನೆಯಲ್ಲಿ ಆಡಿದರೆ ಸಾಕು ಎಂದು ಗಂಡನ ವಾದ. ಆಕೆಗೆ ಎದುರು ಹೇಳಲು ತೋಚಲಿಲ್ಲ. ಎರಡು ಬಂಡಿಗಳ ನೊಗವನ್ನು ಒಂದು ಕರುವಿನ ಕೊರಳಿಗೆ ಕಟ್ಟುತ್ತಿದ್ದೇವೆಯೇ ಎಂಬ ಸಂಶಯ ಆಕೆಗೂ ಇತ್ತು. ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಓದಿಸಿ, ಮುಂದೆ ಬೇರೆ ನಾಡಿಗೋ ಬೇರೆ ಮಾಧ್ಯಮಕ್ಕೋ ಕಳುಹಿಸಬೇಕಾಗಿ ಬಂದ ಪ್ರತಿಯೊಬ್ಬ ತಾಯಿಯೂ ಒಂದು ರಾತ್ರಿ ಎದುರಿಸುವ ಪ್ರಶ್ನೆ ಅದು.

ಉತ್ತರ ಪಕ್ಕದ ಮನೆಯಿಂದ ಬಂತು.

ಪಕ್ಕದ ಹಳೆಯ ಹೆಂಚಿನ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಮೊದಲ ವಾರದಲ್ಲಿಯೇ ಆಕೆ ಈ ತಾಯಿಮಗಳು ಜಗಲಿಯಲ್ಲಿ ಆಡುವ ಮಾತನ್ನು ಕಿವಿಗೊಟ್ಟು ಕೇಳಿ, “ನೀವು ನಮ್ಮೋರಾ?” ಎಂದು ಕೇಳಿದ್ದಳು. ಆ ಮಾತು ಕನ್ನಡವೇ ಆಗಿತ್ತು. ರಾಗ ತಮಿಳಿನದು, ನಡುನಡುವೆ ತಮಿಳಿನ ಪದಗಳು, ಆದರೆ ನೀರು, ಬೆಂಕಿ, ಬಾ, ಹೋಗು, ಉಣ್ಣು ಎಲ್ಲವೂ ಕನ್ನಡ. ತೇನಿ, ಕಂಬಂ, ದಿಂಡಿಗಲ್ ಸೀಮೆಯಲ್ಲಿ ಕಪ್ಪಿಲಿಯರ್ ಎಂದು ಕರೆಯಲ್ಪಡುವ ಒಕ್ಕಲಿಗ ಕೃಷಿಕರೂ, ಅನುಪ್ಪರ್ ಎಂಬವರೂ ಅನೇಕ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದಿದ್ದಾರೆ. ಉತ್ತರದ ಕನ್ನಡ ನಾಡಿನಿಂದ ಹಸುಗಳೊಡನೆ ಬಂದವರು ತಾವೆಂದು ಅವರ ಹಿರಿಯರು ಹೇಳುತ್ತಾರೆ. ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿ 1906ರಲ್ಲಿ ಪ್ರಕಟವಾದ ಮದುರಾ ಜಿಲ್ಲೆಯ ಗೆಜೆಟಿಯರ್‌ನಲ್ಲಿ ಇವರ ಪ್ರಸ್ತಾಪವಿದೆ; ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಇದೆ. ಓದು, ಬರಹ, ಕಚೇರಿ, ಸಂತೆ ಎಲ್ಲವೂ ತಮಿಳಿನಲ್ಲಿ. ಕನ್ನಡ ಉಳಿದದ್ದು ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ತೊಟ್ಟಿಲ ಬಳಿಯಲ್ಲಿ. ಅದಕ್ಕೆ ಶಾಲೆಯಿರಲಿಲ್ಲ, ಪುಸ್ತಕವಿರಲಿಲ್ಲ.

ಅಕ್ಟೋಬರಿನ ಒಂದು ರವಿವಾರ ತಾಯಿ ಮಗಳನ್ನು ಜಗಲಿಯಲ್ಲಿ ಕೂರಿಸಿ, ತಾತ ಕಳುಹಿಸಿದ ಪಾಠವೊಂದನ್ನು ನಕಲು ಮಾಡಿಸುತ್ತಿದ್ದಳು. ಹುಡುಗಿ ಮುಖ ಊದಿಸಿಕೊಂಡು ಬರೆಯುತ್ತಿದ್ದಳು. ಮುದುಕಿ ಬಂದು ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಪುಸ್ತಕವನ್ನೇ ನೋಡಿದಳು.

“ಇದೇನು ಕೂಸೇ, ಅಯ್ಯಪ್ಪನ ಬಸ್ಸಿನ ಎಳುತ್ತು ಬರೀತೀಯೆ?”

ಕಾರ್ತಿಕ ಕಳೆದರೆ ಕರ್ನಾಟಕದಿಂದ ಶಬರಿಮಲೆಗೆ ಹೋಗುವ ಬಸ್ಸುಗಳು ತೇನಿ, ಕಂಬಂ ದಾರಿಯಾಗಿ ಕುಮಳಿಯ ಕಡೆಗೆ ಸಾಗುತ್ತವೆ. ಚಿನ್ನಮನೂರಿನ ರಸ್ತೆಯ ಅಂಚಿನಲ್ಲಿ ನಿಂತು ಆ ಬಸ್ಸುಗಳ ನೆತ್ತಿಯ ಗುಂಡು ಅಕ್ಷರಗಳನ್ನು ಆಕೆ ಅರವತ್ತು ವರ್ಷಗಳಿಂದ ನೋಡಿದ್ದಳು. ಅವು ತಾನು ಆಡುವ ಮಾತಿನ ಅಕ್ಷರಗಳೆಂದು ಯಾರೋ ಒಮ್ಮೆ ಹೇಳಿದ್ದರಂತೆ.

“ನಮ್ಮ ಮಾತಿಗೆ ಎಳುತ್ತು ಇದೆ ಅಂತ ಕೇಳಿದ್ದೆ. ನಮ್ಮ ಮನೆಗೆ ಅದು ಬರಲಿಲ್ಲ” ಎಂದಳು. ಆಮೇಲೆ ತುಸು ನಾಚಿಕೆಯಿಂದ, “ನನ್ನ ಹೆಸರು ಅದರಲ್ಲಿ ಬರೆಯಕ್ಕೆ ಆಗುತ್ತಾ?” ಎಂದು ಕೇಳಿದಳು.

ಹುಡುಗಿ ಬರೆದಳು. ಮೂರೇ ಅಕ್ಷರಗಳ ಹೆಸರು. ಮುದುಕಿ ಅದರ ಮೇಲೆ ಬೆರಳಾಡಿಸಿದಳು. ಮತ್ತೆ ತೀರಿಕೊಂಡ ತನ್ನ ಗಂಡನ ಹೆಸರನ್ನು, ಬಾಯಲ್ಲಿ ಹೇಳಬಾರದೆಂದು ಬೇರೆ ಬೇರೆ ರೀತಿಯಲ್ಲಿ ಸೂಚಿಸಿ, ಬರೆಸಿದಳು. ಆಮೇಲೆ ಮಕ್ಕಳ ಹೆಸರು, ಹಸುವಿನ ಹೆಸರು. ಮುದುಕಿಯ ಮೊಮ್ಮಗನೊಬ್ಬ ಹೊರಬಂದು “ಪಾಟಿ, ಸಾಪ್ಪಿಡ ವಾ” ಎಂದು ಕರೆದ. “ಇವರಿಗೆ ಮಾತೂ ಇಲ್ಲ, ಎಳುತ್ತೂ ಇಲ್ಲ” ಎಂದು ಆಕೆ ಎದ್ದುಹೋದಳು. ಅದು ದೂರಿನ ದನಿಯಾಗಿರಲಿಲ್ಲ. ಮಳೆ ಬರಲಿಲ್ಲ ಎಂದು ಹೇಳುವ ದನಿಯಾಗಿತ್ತು.

ಅಂದಿನಿಂದ ಹುಡುಗಿಗೆ ಒಂದು ಕೆಲಸ ಸಿಕ್ಕಿತು. ಟೀಚರು ಬರೆಯಿಸಿದ ಪುಸ್ತಕದ ಖಾಲಿ ಬಿದ್ದ ಎಡಬದಿಯಲ್ಲಿ ಆಕೆ ಅಜ್ಜಿಯ ಮಾತುಗಳನ್ನು ಬರೆಯತೊಡಗಿದಳು. ತಪ್ಪು ಬರೆದರೆ ತಿದ್ದುವವರು ಯಾರೂ ಇರಲಿಲ್ಲ. ಸರಿಯಾಗಿ ಬರೆಯದಿದ್ದರೆ ಅಜ್ಜಿಗೆ ಓದಿ ಹೇಳುವಾಗ ಮಾತು ಬೇರೆಯಾಗುತ್ತಿತ್ತು. ಆಗ ಹುಡುಗಿ ತಾನೇ ತಿದ್ದಿಕೊಳ್ಳುತ್ತಿದ್ದಳು. ದೀಪಾವಳಿಯ ಮರುದಿನ ಗುಮಟಾಪುರದ ಗೊರೆಹಬ್ಬ ತಪ್ಪಿಹೋಯಿತೆಂದು ಆಕೆ ಬೇಸರಗೊಂಡಾಗ, ಸಗಣಿಯ ಉಂಡೆಗಳಲ್ಲಿ ಹೊಡೆದಾಡುವ ತಮ್ಮ ಸೀಮೆಯ ಆ ಹಬ್ಬವನ್ನು ಅಜ್ಜಿಗೆ ಕನ್ನಡದಲ್ಲಿಯೇ ವರ್ಣಿಸಬೇಕಾಯಿತು. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಪೊಂಗಲ್ ಬಂತು. ಮಾಟ್ಟುಪ್ಪೊಂಗಲಿನ ದಿನ ಅಜ್ಜಿ ತಾಯಿಮಗಳಿಬ್ಬರನ್ನೂ ಬಸ್ಸಿನಲ್ಲಿ ಉತ್ತಮಪಾಳಯದ ಮೇಲಾಗಿ ಕಂಬಂಗೆ ಕರೆದುಕೊಂಡು ಹೋದಳು. ಅಲ್ಲಿ ನಂದಗೋಪಾಲನ ಹೆಸರಿನ ದನದ ತೊಳು ಇದೆ. ಒಕ್ಕಲಿಗರು ತಲೆಮಾರುಗಳಿಂದ ನಡೆಸಿಕೊಂಡು ಬಂದ ದೇವರ ಮಂದೆಯ ಕೊಟ್ಟಿಗೆ. ಹೂ, ಬಾಳೆಹಣ್ಣು, ಕಬ್ಬು ಹಿಡಿದ ಜನ ಹಸುಗಳ ಮುಂದೆ ಕೈಮುಗಿದು ನಿಂತಿದ್ದರು. ತಮಿಳಿನಲ್ಲಿ ಇದಕ್ಕೆ ತಂಬಿರಾನ್ ಮಾಡು ಎಂದು ಹೆಸರು. ಮಂದೆಯ ಪಟ್ಟದ ಹೋರಿ ಸತ್ತರೆ ಹೊಸದನ್ನು ಮನುಷ್ಯರು ಆರಿಸುವುದಿಲ್ಲ. ಕರ್ಪೂರ ಹಚ್ಚಿ, ಮಂದೆಯ ಮುಂದೆ ಕಬ್ಬಿನ ಕಟ್ಟು ಇಟ್ಟು ಕಾಯುತ್ತಾರೆ. ಯಾವ ಹೋರಿ ತಾನಾಗಿ ಬಂದು ಕಬ್ಬು ಮೆಲ್ಲುತ್ತದೋ ಅದಕ್ಕೆ ಪಟ್ಟ ಎಂದು ಅಜ್ಜಿ ವಿವರಿಸಿದಳು. ಆಮೇಲೆ ಕೈ ತೋರಿಸಿ, “ನೋಡು ಕೂಸೇ, ದೇವರ ಆವು” ಎಂದಳು.

“ಆವು ಅಂದರೆ?” ಎಂದು ಹುಡುಗಿ ತಾಯಿಯತ್ತ ತಿರುಗಿದಳು.

ತಾಯಿಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಆ ಪದವನ್ನು ಆಕೆ ತನ್ನ ಬಾಳಿನಲ್ಲಿ ಕೇಳಿದ್ದು ಒಂದೇ ಕಡೆ, ಮಾವನವರ ಹಳಗನ್ನಡದ ತರಗತಿಯಲ್ಲಿ. ಆವು ಎಂದರೆ ಹಸು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಅರ್ಥ ಬರೆದುಕೊಂಡದ್ದೂ ನೆನಪಿತ್ತು. ತಾಳವಾಡಿಯಲ್ಲಿ ಯಾವ ಕೊಟ್ಟಿಗೆಯಲ್ಲಿಯೂ ಯಾರೂ ಹಾಗೆ ಅಂದದ್ದನ್ನು ಆಕೆ ಕೇಳಿರಲಿಲ್ಲ. ಮಂದೆಯ ಈ ಕನ್ನಡದ ಹೆಸರನ್ನು 1906ರ ಆ ಗೆಜೆಟಿಯರ್ ಕೂಡ ದಾಖಲಿಸಿದೆ. ಆದರೆ ಗೆಜೆಟಿಯರ್ ಎಂಬುದೊಂದು ಇದೆಯೆಂದೇ ತಿಳಿಯದ ಮುದುಕಿ ಅದನ್ನು ನಿತ್ಯದ ಮಾತಿನಂತೆ ನುಡಿದಿದ್ದಳು.

ಶಾಲೆ ತೆರೆದ ದಿನ ಹುಡುಗಿ ಆ ಪದವನ್ನು ತಮಿಳು ಟೀಚರಿಗೆ ಹೇಳಿದಳು. ಅವರು ಸಂತೋಷಪಟ್ಟು, ಹಳೆಯ ತಮಿಳಿನಲ್ಲಿಯೂ ಹಸುವಿಗೆ ‘ಆ’ ಎಂದೇ ಹೆಸರು, ನೀವು ದಿನವೂ ಕೊಳ್ಳುವ ಹಾಲಿನ ಪೊಟ್ಟಣದ ಮೇಲೆ ‘ಆವಿನ್’ ಎಂದಿರುವುದು ಅದೇ ಎಂದರು. ಹುಡುಗಿ ಮನೆಗೆ ಓಡಿಬಂದು ಅಡುಗೆಮನೆಯ ಹಾಲಿನ ಪೊಟ್ಟಣವನ್ನು ಎತ್ತಿ ಹಿಡಿದು ನೋಡಿದಳು. ಪುಸ್ತಕದ ಎಡಬದಿಯಲ್ಲಿ ‘ಆವು’ ಎಂದೂ ಬಲಬದಿಯಲ್ಲಿ ‘ಆ’ ಎಂದೂ ಬರೆದಳು. ಎರಡೂ ಬದಿ ಒಂದೇ ದಿನ ತುಂಬಿದ್ದು ಅದು ಅಪರೂಪಕ್ಕೆ.

ಆ ರಾತ್ರಿ ಯಾರೂ ಹೇಳದೆಯೇ ಆಕೆ ತಾತನಿಗೆ ಕಾಗದ ಬರೆಯಲು ಕುಳಿತಳು. ಮೂರು ಪುಟಗಳು. ಅಜ್ಜಿ, ಮಂದೆ, ಕಬ್ಬು ಮೆಲ್ಲುವ ಹೋರಿ, ಹಾಲಿನ ಪೊಟ್ಟಣ ಎಲ್ಲವೂ ಅದರಲ್ಲಿದ್ದವು. ತಾಯಿ ಓದಿ ನೋಡಿದಳು. ಐದು ತಪ್ಪುಗಳು ಕಂಡವು. ತಿದ್ದಲು ಎತ್ತಿದ ಪೆನ್ನನ್ನು ಕೆಳಗಿಟ್ಟು ಹಾಗೆಯೇ ಅಂಟಿಸಿ ಕಳುಹಿಸಿದಳು.

ಉತ್ತರ ಬರಲು ಮೂರು ವಾರ ಹಿಡಿಯಿತು. ಈ ಬಾರಿ ಹುಡುಗಿಯ ಕಾಗದ ಹಿಂದಿರುಗಿ ಬಂದಿರಲಿಲ್ಲ. ತಾತನ ನಡುಗುವ ಕೈಬರಹದ ಎರಡು ಹಾಳೆಗಳಿದ್ದವು, ನೀಲಿ ಶಾಯಿಯಲ್ಲಿ. ‘ಈ ಪದವನ್ನು ಮೂವತ್ತು ವರ್ಷ ಪಾಠ ಹೇಳಿದೆ. ಒಬ್ಬರ ಬಾಯಲ್ಲಿ ಇದು ಇಂದಿಗೂ ಬದುಕಿದೆ ಎಂದು ತಿಳಿದಿರಲಿಲ್ಲ. ಆ ತಾಯಿಗೆ ನನ್ನ ನಮಸ್ಕಾರ ಹೇಳು. ಇನ್ನೇನು ಮಾತುಗಳಿವೆಯೋ ಬರೆದು ಕಳುಹಿಸು. ಅವರು ಹೇಳಿದಂತೆಯೇ ಬರೆ, ತಿದ್ದಬೇಡ’ ಎಂದಿತ್ತು. ಕೊನೆಯಲ್ಲಿ, ಸ್ವಲ್ಪ ಅಂತರ ಬಿಟ್ಟು, ಬೇರೆ ದಿನ ಬರೆದಂತಿದ್ದ ಸಾಲುಗಳು: ‘ಜುಲೈ ತಿಂಗಳ ಕಾಗದದಲ್ಲಿ ರಾತ್ರಿ ಭಯವಾಗುತ್ತದೆ ಎಂದು ಬರೆದಿದ್ದೆ. ನಾನು ಅಕ್ಷರವನ್ನು ನೋಡಿದೆ, ಭಯವನ್ನು ನೋಡಲಿಲ್ಲ. ಈಗ ಗಾಳಿ ನಿಂತಿತೇ ಮಗಾ?’

ಹುಡುಗಿ ಆ ಕಾಗದವನ್ನು ಪಕ್ಕದ ಮನೆಗೆ ಒಯ್ದು ಜೋರಾಗಿ ಓದಿದಳು. ಅಜ್ಜಿಗೆ ಬಹುಪಾಲು ಅರ್ಥವಾಯಿತು. ತಾಳವಾಡಿಯ ಹೊಲಕ್ಕೆ ಆನೆ ನುಗ್ಗಿದ್ದು, ಅರಿಸಿನದ ಬೆಲೆ ಇಳಿದದ್ದು ತಿಳಿಯಿತು. ‘ನಾವೆಲ್ಲರೂ ಕ್ಷೇಮ’ ಎಂಬಲ್ಲಿ ತಡೆದು, “ಕ್ಷೇಮ ಅಂದರೆ ಏನು?” ಎಂದು ಕೇಳಿದಳು. ಚೆನ್ನಾಗಿದ್ದೇವೆ ಅಂತ, ಎಂದು ಹುಡುಗಿ ವಿವರಿಸಿದಳು. “ಹಾಗೇ ಬರೆಯಬಹುದಲ್ಲ” ಎಂದಳು ಅಜ್ಜಿ. ಮುಂದಿನ ಕಾಗದದ ಮೊದಲ ಸಾಲು ‘ನಾವೆಲ್ಲ ಚೆನ್ನಾಗಿದ್ದೇವೆ’ ಎಂದಾಯಿತು.

ಎಲ್ಲವೂ ಇದರಿಂದ ನೇರವಾಯಿತು ಎಂದಲ್ಲ. ಆರನೆಯ ತರಗತಿಯ ಪಾಠಗಳು ಹೆಚ್ಚಿವೆ, ಕನ್ನಡಕ್ಕೆ ರವಿವಾರದ ಒಂದು ಗಂಟೆ ಮಾತ್ರ ಉಳಿದಿದೆ. ಅಜ್ಜಿಯ ಮೊಮ್ಮಕ್ಕಳು ಈಗಲೂ ತಮಿಳಿನಲ್ಲಿಯೇ ಉತ್ತರಿಸುತ್ತಾರೆ. ಅವರಲ್ಲಿ ಒಬ್ಬ ಮಾತ್ರ ಜಗಲಿಯ ಅಂಚಿಗೆ ಬಂದು ತನ್ನ ಹೆಸರನ್ನು ಬರೆಸಿಕೊಂಡು ಹೋಗಿದ್ದಾನೆ. ಗಂಡನ ವಾದವೂ ಪೂರ್ತಿ ಮುಗಿದಿಲ್ಲ. ಆದರೆ ಪೆಟ್ಟಿಗೆಯ ಲೆಕ್ಕ ಬರೆಯುವ ಆತನ ಚೀಟಿಗಳ ಹಿಂಬದಿಯಲ್ಲಿ ಒಮ್ಮೊಮ್ಮೆ ತೋಟದ ಮುದುಕರಿಂದ ಕೇಳಿಬಂದ ಕನ್ನಡದ ಒಂದೆರಡು ಪದಗಳಿರುತ್ತವೆ, ಮಗಳಿಗೆಂದು. ಹಿಂದಿನ ಚಪ್ಪರದಲ್ಲಿ ಕೊಂಬೆಗಳನ್ನು ಸವರಿ ಬೋಳು ಮಾಡಿದ್ದಾರೆ. ಸವರಿದ ಮೇಲೆ ಹಣ್ಣಿಗೆ ಸುಮಾರು 120 ದಿನ ಎಂದು ಆತ ಹೇಳುತ್ತಾನೆ.

ಈ ವರ್ಷವೂ ಆಡಿ ಗಾಳಿ ಬೀಸಿತು. ಧೂಳು ಬಂತು. ಹುಡುಗಿ ತಾತನಿಗೆ ಬರೆದ ಕಾಗದದಲ್ಲಿ ಧೂಳಿನ ಧಕಾರ ಸರಿಯಾಗಿತ್ತು. ಭಯದ ಮಾತು ಇರಲಿಲ್ಲ.